ಮರಿತಾಯಿ ಅಂಗಳದ ಪಂಕ್ತಿ

ಶಹಾಪುರದ ಕಡೆ ಕಾಲುವೆ ಅಗೆಯುವ ಕೆಲಸ ಜೋರಾಗಿದ್ದ ಕಾಲ. ವನದುರ್ಗದ ಆಚೆ ತಗಡು ಹೊದಿಸಿದ ಸಣ್ಣ ಚರ್ಚು. ಅಲ್ಲಿ ಮರಿಯಮ್ಮನ ಪದ ಹಾಡುವವಳು ದೇವಕಮ್ಮ. ಬೀಸುವ ಕಲ್ಲಿನ ಮುಂದೆ ಪಳಗಿದ ದನಿ, ಪದವೂ ಅವಳೇ ಕಟ್ಟಿದ್ದು.

ಆ ವರ್ಷ ಮಾತೆಯ ಹಬ್ಬಕ್ಕೆ ಅವಳ ಗಂಡ ಯಂಕಣ್ಣ ಸುರಪುರದಿಂದ ಮೈಕು ತಂದು ಬೇವಿನ ಮರಕ್ಕೆ ಹಾರ್ನ್ ಕಟ್ಟಿದ್ದ.

"ನಿನ್ನ ದನಿ ಇವತ್ತ ಕಾಲುವಿ ದಾಟತದ ನೋಡು," ಎಂದ.

"ದಾಟಿ ಎಲ್ಲಿ ಹೋಗತದ, ಎಮ್ಮಿ ಮೇಯಸಾಕೇನು?" ಎಂದು ದೇವಕಮ್ಮ ನಕ್ಕಳು.

ಅವಳ ಜೀವವೆಲ್ಲ ಪಕ್ಕದಲ್ಲೇ ಇದ್ದ ಮನೆಯ ಹಿಟ್ಟಿನ ಡಬ್ಬಿಯ ಮೇಲಿತ್ತು. ಮರುದಿನ ಮಗಳು ಲಾಲಮ್ಮನ ನಿಶ್ಚಯ. ಯಾದಗಿರಿಯಿಂದ ಬರುವ ಬೀಗರಿಗೆಂದು ಬೀಸಿಟ್ಟ ಜೋಳದ ಹಿಟ್ಟು ಅದು, ಅದು ಬಿಟ್ಟರೆ ಮನೆಯಲ್ಲಿ ಬೇರೆ ಕಾಳಿರಲಿಲ್ಲ.

ಪೂಜೆ ಮುಗಿಯುವ ಹೊತ್ತಿಗೆ ಪದ ಎತ್ತಿಕೊಂಡಳು.

ಹಸಿದವರು ಬರ್ರೆಪ್ಪ ಅವ್ವನ ಅಂಗಳಕ
ಮಗನ ಮುಂದ ನಿಂತು ಬೇಡ್ಯಾಳ, ಮರಿತಾಯಿ
ಬರಿತಾಟ ತುಂಬಿ ಕೊಡು ಅಂತ

ಮತ್ತೊಂದು ನುಡಿಗೆ ಬರುವಾಗ ಬಾಗಿಲಲ್ಲಿ ನೆರಳಾಯಿತು. ಕಾಲುವೆ ಕ್ಯಾಂಪಿನ ಕೂಲಿಯವರು, ಗುರುಮಠಕಲ್ ಕಡೆಯವರು, ಒಬ್ಬರ ಹಿಂದೊಬ್ಬರು ಒಳಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಸೆರಗು ಸರಿ ಮಾಡಿಕೊಂಡು, ಎದುರುಬದುರು ಸಾಲಾಗಿ ಕೂತರು. ತಂದಿದ್ದ ತಾಟುಗಳನ್ನು ಒರೆಸಿ ಮುಂದಿಟ್ಟುಕೊಂಡರು. ಮಠದಲ್ಲಿ ಭಜನೆ ಮುಗಿದರೆ ಪಂಕ್ತಿಗೆ ಬಡಿಸುವುದು ಆ ಸೀಮೆಯ ರೂಢಿ. ಕರೆದು ಹಾಡಿದವರು ಉಣ್ಣಿಸುತ್ತಾರೆ ಎಂಬುದರಲ್ಲಿ ಅವರಿಗೆ ಯಾವ ಅನುಮಾನವೂ ಇರಲಿಲ್ಲ.

ದೇವಕಮ್ಮ ಪದ ನಿಲ್ಲಿಸಿದಳು. ಹಾರ್ನಿನಿಂದ ಬರೀ ಗುಂಯ್ ಎನ್ನುವ ಸದ್ದು.

"ಯಾಕವ್ವ ನಿಂತಿ?" ಎಂದಳು ಸಾಲಿನ ತುದಿಯಲ್ಲಿದ್ದ ಮುದುಕಿ ದುರಗಮ್ಮ. "ಗುತ್ತೇದಾರ ಓಡಿ ಹೋಗ್ಯಾನ. ಒಲಿ ಹೊತ್ತಿಸಿ ದಿನಾ ಆದ್ವು. ನೀ ಕರದಿ, ಬಂದೀವಿ. ಪದ ಮುಗಸು, ಆಮ್ಯಾಲ ಬಡಸೀರಂತ."

ಫಾದರ್ ದಕ್ಷಿಣದ ಕಡೆಯವರು. ಹತ್ತಿರ ಬಂದು ಮೆಲ್ಲಗೆ, "ದೇವಕಮ್ಮ, ಇದು ಪ್ರಾರ್ಥನೆ, ಊಟದ ಕರೆಯಲ್ಲ ಅಂತ ಅವರಿಗೆ ತಿಳಿಸಿ ಹೇಳಿ" ಎಂದರು.

ಹೇಳಲೆಂದೇ ಬಾಯಿ ತೆರೆದಳು. ಇಷ್ಟು ವರ್ಷ ಹಾಡಿದ್ದಳು, ಯಾರೂ ಬಂದಿರಲಿಲ್ಲ. ಬಂದರೆ ಏನು ಮಾಡುವುದೆಂದು ಒಮ್ಮೆಯೂ ಅವಳಿಗೆ ಹೊಳೆದಿರಲಿಲ್ಲ. ಮರಿಯಮ್ಮನ ಮೂರ್ತಿಯ ಕಡೆ ತಿರುಗುವ ಧೈರ್ಯವಾಗಲಿಲ್ಲ. ಎದುರಿಗೆ ಒಂದು ಕೂಸು ತಾಟು ಹಿಡಿದು ಅವಳ ಬಾಯನ್ನೇ ನೋಡುತ್ತಿತ್ತು.

"ಅಡಿಗಿ ಇನ್ನಾ ಆಗಿಲ್ರಿ," ಎಂದಳು. ತನ್ನ ದನಿ ತನಗೇ ಬೇರೆಯವರದೆನಿಸಿತು. "ಈಗ ಮಾಡ್ತೀನಿ. ಏಳಬ್ಯಾಡ್ರಿ."

ಯಂಕಣ್ಣ ಮನೆಯ ತನಕ ಬೆನ್ನುಹತ್ತಿ ಬಂದ. "ಬೀಗರ ಹಿಟ್ಟಿಗಿ ಕೈ ಹಚ್ಚಬ್ಯಾಡ. ನಾಳಿ ಅವರಿಗಿ ಏನ್ ಬಡಸ್ತಿ? ಹೊಳ್ಳಿ ಹೋಗ್ತಾರ."

"ಹೋದ್ರ ಹೋಗ್ಲಿ ಅನ್ನಾಕ ನನಗೂ ಬಾಯಿ ಬರವಲ್ದು," ಎಂದಳು ದೇವಕಮ್ಮ. "ಆದ್ರ ಕರದಾಕಿ ನಾನ. ಅದೂ ಮೈಕಿನಾಗ."

ಡಬ್ಬಿಯನ್ನು ಹಿಟ್ಟು ನಾದುವ ಕೊಣಮಿಗೆಗೆ ಬೋರಲು ಹಾಕಿದಳು. ಲಾಲಮ್ಮ ಹಿಟ್ಟು ನೋಡಿದಳು, ಅವ್ವನ ಮುಖ ನೋಡಿದಳು. ಒಲೆಯ ಮುಂದೆ ಕೂತು ಕಟ್ಟಿಗೆ ಮುರಿಯತೊಡಗಿದಳು.

ದೇವಕಮ್ಮ ನೀರು ಹಾಕಿ ಕಲಸಿದಳು. ಬಡಿದ ಮೊದಲನೆಯ ರೊಟ್ಟಿ ಹರಿಯಿತು. ಹರಿದದ್ದನ್ನೇ ಹಂಚಿಗೆ ಹಾಕಿದಳು.