ನನ್ನ ಹೊಗೆಯ ಹದ

ನನ್ನ ಕೈ ನಡುಗುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಅಯ್ಯೋ ಪಾಪ ಅನ್ನುವುದು ಬೇಡ. ಅಂಥ ದೊಡ್ಡ ಕಾಯಿಲೆಯೇನಲ್ಲ; ನಮ್ಮಪ್ಪನಿಗೂ ಇತ್ತು, ಅವನ ತಂಗಿಗೂ ಇತ್ತು. ಚಹಾ ಕಪ್ಪು ಎತ್ತಿದರೆ ಅರ್ಧ ಚಹಾ ಸಾಸರಿಗೆ ಇಳಿದಿರುತ್ತದೆ, ಅಷ್ಟೇ. ನಮ್ಮೂರು ವಯಾಲಾದ ಉಕ್ಕಿನ ಕಾರ್ಖಾನೆಯಲ್ಲಿ ಇದೇ ಕೈಯಿಂದ ಕ್ರೇನ್ ಓಡಿಸಿದವಳು ನಾನು. ಹೆಂಗಸು ಕ್ರೇನ್ ಹತ್ತುತ್ತಾಳೆ ಅಂದರೆ ಕೆಳಗಿದ್ದ ಗಂಡಸರೆಲ್ಲ ಹೆಲ್ಮೆಟ್ಟು ಸರಿಮಾಡಿಕೊಳ್ಳುತ್ತಿದ್ದ ಕಾಲ ಅದು. ಒಬ್ಬನ ತಲೆಯ ಮೇಲೂ ನಾನು ಏನನ್ನೂ ಬೀಳಿಸಲಿಲ್ಲ. ಬೀಳಿಸಬೇಕು ಅನ್ನಿಸಿದವರು ಒಂದಿಬ್ಬರು ಇದ್ದರು, ಆ ಮಾತು ಬೇರೆ.

ಸಿಗರೇಟು ಶುರುವಾಗಿದ್ದೂ ಅಲ್ಲೇ, ಆ ಕ್ರೇನಿನ ಗೂಡಿನಲ್ಲೇ. ಬಿಟ್ಟಿದ್ದು ಮಾತ್ರ ನನ್ನ ಅಡುಗೆಮನೆಯಲ್ಲಿ. ಡಾಕ್ಟರು ಎಕ್ಸ್‌ರೇ ತೋರಿಸಿ ಹೆದರಿಸಿದಾಗ ಬಿಡಲಿಲ್ಲ, ಮಗಳು ಜೆನೆಲ್ ಅತ್ತು ಕರೆದಾಗಲೂ ಬಿಡಲಿಲ್ಲ. ಅವಳಪ್ಪ ಮರ್ವ್ ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡು ಇದೇ ಮನೆಯಲ್ಲಿ ಸತ್ತಾಗ ಕೂಡ, ನಾಚಿಕೆಯಿಲ್ಲದೆ ಹೇಳುತ್ತೇನೆ, ಹಿತ್ತಲಿಗೆ ಹೋಗಿ ಒಂದು ಸೇದಿ ಬಂದೆ. ಆಮೇಲೊಂದು ದಿನ, ಯಾರೂ ಏನೂ ಹೇಳದ ಒಂದು ಸಾಮಾನ್ಯ ದಿನ, ಸಾಕು ಅನ್ನಿಸಿತು. ಡಾಕ್ಟರ ಹತ್ತಿರ ನಾನೇ ಹೋಗಿ ಚೀಟಿ ಬರೆಸಿಕೊಂಡು ಇ-ಸಿಗರೇಟು ತಂದೆ. ಅವತ್ತಿನಿಂದ ಬೆಂಕಿಕಡ್ಡಿ ಗೀರಿಲ್ಲ. ಜೀವನದಲ್ಲಿ ಜಂಬ ಪಡುವಂಥದ್ದು ನನಗೆ ಎರಡೇ ಇವೆ, ಒಂದು ಕ್ರೇನು, ಇನ್ನೊಂದು ಇದು.

ಇ-ಸಿಗರೇಟಿನ ತುದಿಯಲ್ಲಿ ಕೂರುವ ಪುಟ್ಟ ಡಬ್ಬಿಯನ್ನು ತುಂಬಿಸುವುದು ಮನೆಯಲ್ಲೇ ಆಗುವ ಕೆಲಸ. ಪಕ್ಕದಲ್ಲೊಂದು ರಬ್ಬರ್ ಬಿರಡೆ ಇರುತ್ತದೆ. ಅದನ್ನು ಉಗುರಿನಿಂದ ಎಬ್ಬಿಸಿ, ಮೊಂಡು ಸೂಜಿಯ ಸಿರಿಂಜಿನಿಂದ ನಿಕೋಟಿನ್ ಬೆರೆತ ರಸ ಬಿಟ್ಟು, ಬಿರಡೆ ಒತ್ತಿ, ಒಳಗಿನ ಹತ್ತಿ ನೆನೆಯುವವರೆಗೆ ಸುಮ್ಮನಿರಬೇಕು. ಅವಸರ ಮಾಡಿ ಎಳೆದರೆ ಸುಟ್ಟ ಬಟ್ಟೆಯ ರುಚಿ ಬಾಯಿ ತುಂಬ ನಿಂತುಬಿಡುತ್ತದೆ. ರಸದ ಬಾಟಲಿಯನ್ನು ಔಷಧಿ ಅಂಗಡಿಯ ಮಿನ್ ಕೊಡುತ್ತಾನೆ. ಪುದೀನ ಇಲ್ಲವೇ ತಂಬಾಕು. ಮಾವು, ಕಲ್ಲಂಗಡಿ ರುಚಿಯದ್ದನ್ನೆಲ್ಲ ಸರ್ಕಾರ ಎತ್ತಂಗಡಿ ಮಾಡಿದೆ. ನನಗೆ ತಂಬಾಕೇ ಬೇಕಿತ್ತು, ಹಾಗಾಗಿ ಸರ್ಕಾರದ ಮೇಲೆ ಆ ಒಂದು ವಿಷಯದಲ್ಲಿ ನನಗೆ ಸಿಟ್ಟಿಲ್ಲ.

ಕೈ ನಡುಗಲು ಶುರುವಾದ ಮೇಲೆ ಆ ತೂತು ನನಗೆ ಸಿಗದೇ ಹೋಯಿತು. ಸೂಜಿ ಒಂದು ಕಡೆ, ತೂತು ಒಂದು ಕಡೆ. ರಸವೆಲ್ಲ ಮೇಜಿಗೆ, ಬೆರಳಿಗೆ. ಮೈಗೆ ತಾಗಿದರೆ ತಲೆ ಸುತ್ತುತ್ತದೆ, ಪ್ರತಿ ಸಲ ಎದ್ದು ಸೋಪು ಹಾಕಿ ತೊಳೆಯಬೇಕು. ಒಂದು ಭಾನುವಾರ ಜೆನೆಲ್ ಅದನ್ನು ನೋಡಿ ಸಿರಿಂಜು ಕಿತ್ತುಕೊಂಡಳು. ಅವಳ ಕಸುಬು ಮದುವೆ ಕೇಕು ಮಾಡುವುದು. ಸಕ್ಕರೆಯಲ್ಲಿ ಗುಲಾಬಿ ಎಸಳು ತಿದ್ದುವ ಕೈ ಅದು, ತೂತು ಅವಳಿಗೆ ಯಾವ ಲೆಕ್ಕ. ಅವತ್ತಿನಿಂದ ಬಾಟಲಿ ಅವಳ ಮನೆ ಫ್ರಿಜ್ಜಿನ ಮೇಲೆ ಕೂತಿತು. ಭಾನುವಾರ ಅವಳಲ್ಲಿ ಊಟಕ್ಕೆ ಹೋದರೆ ವಾರಕ್ಕಾಗುವಷ್ಟು ಡಬ್ಬಿ ತುಂಬಿ ಬಿಸ್ಕತ್ತಿನ ಟಿನ್ನಿನಲ್ಲಿಟ್ಟು ಕೊಡುತ್ತಿದ್ದಳು. ನಾನು ಎದುರಿಗೆ ಕೂತರೆ ಅವಳ ಗಮನ ತಪ್ಪುತ್ತದಂತೆ, ಹಾಗಾಗಿ ನಾನು ವರಾಂಡದಲ್ಲಿ ಕೂತು ಅವಳ ನಾಯಿಯ ಬೆನ್ನು ಕೆರೆಯುತ್ತಿದ್ದೆ. ಮಗಳು ಅಂದರೆ ಹೀಗಿರಬೇಕು ಅಂತ ಪಕ್ಕದ ಮನೆಯ ಡೆಸ್‌ಗೆ ಹೇಳಿದ್ದೂ ಉಂಟು.

ಬೇಸಿಗೆ ಕಳೆದು ಚಳಿ ಹಿಡಿಯುವ ಹೊತ್ತಿಗೆ ನನಗೆ ಏನೋ ಆಗಿತ್ತು. ಎಷ್ಟು ಎಳೆದರೂ ಸಾಲದು. ಗಂಟಲಿಗೆ ಹಿಡಿಯುವ ಹಿತವಾದ ಏಟು ಇಲ್ಲವೇ ಇಲ್ಲ, ನಾಲಿಗೆ ಮೇಲೊಂದು ಸಿಹಿ ಮಾತ್ರ. ನಿದ್ದೆ ಹೋಯಿತು. ಸುಮ್ಮಸುಮ್ಮನೆ ಡೆಸ್ ಮೇಲೆ ರೇಗಿದೆ, ಟೀವಿಯವರ ಮೇಲೆ ರೇಗಿದೆ, ಬಾಗಿಲಿಗೆ ಬಂದ ಚರ್ಚಿನವರನ್ನು ಬೈದು ಅಟ್ಟಿದೆ. ಅದು ಮೊದಲೂ ಮಾಡುತ್ತಿದ್ದೆ ಅನ್ನಿ. ಸಿಗರೇಟು ಸೇದಬೇಕು ಅನ್ನುವ ಹಳೆಯ ಹಸಿವು ಎದ್ದು ಕೂತಿತು. ಮೊದಲು ಕೈ ಹೋಯಿತು, ಈಗ ತಲೆಯೂ ಹೋಗುತ್ತಿದೆ, ನನ್ನ ಹಟವೂ ಮುದಿಯಾಯಿತು ಅಂದುಕೊಂಡೆ. ನನಗೆ ಹೆದರಿಕೆಯಾಗಿತ್ತು. ಯಾರಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಹಾಲು ತರಲು ಹೋದವಳು ಸಿಗರೇಟು ಪೊಟ್ಟಣ ತಂದೆ. ಆ ಕೊಳಕು ಹಸಿರು ಪೊಟ್ಟಣ, ಮೇಲೆ ಕೊಳೆತ ಶ್ವಾಸಕೋಶದ ಚಿತ್ರ. ಸಮುದ್ರದ ದಂಡೆಯಲ್ಲಿ ಕಾರು ನಿಲ್ಲಿಸಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಒಡೆಯಲಿಲ್ಲ. ಒಡೆಯದೆ ಇದ್ದಿದ್ದು ಹೇಗೆ ಅಂತ ಕೇಳಬೇಡಿ. ಬಹುಶಃ ಕೈ ನಡುಗಿ ಆ ತೆಳ್ಳನೆಯ ಪ್ಲಾಸ್ಟಿಕ್ ಸಿಗಲಿಲ್ಲವೋ ಏನೋ. ಪೊಟ್ಟಣ ಕೈಚೀಲಕ್ಕೆ ಹಾಕಿ ನೇರ ಮಿನ್ ಹತ್ತಿರ ಹೋದೆ. ನಿಕೋಟಿನ್ ಜಾಸ್ತಿಯಿರುವ, ಇನ್ನೂ ಗಟ್ಟಿ ರಸ ಬೇಕು, ಡಾಕ್ಟರ ಹತ್ತಿರ ಏನು ಬರೆಸಿಕೊಂಡು ಬರಲಿ ಅಂತ ಕೇಳಬೇಕಿತ್ತು.

ಮಿನ್ ನನ್ನನ್ನು ನೋಡಿ ಹಲ್ಲು ಬಿಟ್ಟ. ಬೇಸಿಗೆಯಲ್ಲಿ ಒಯ್ದ ಬಾಟಲಿಯೇ ಇನ್ನೂ ನಡೆಯುತ್ತಿದೆಯಲ್ಲ ಅಂದ. ಮೊದಲೆಲ್ಲ ತಿಂಗಳು ತುಂಬುವ ಮುಂಚೆ ಬಂದು ನಿಲ್ಲುತ್ತಿದ್ದವಳು ನಾನು.

"ಭೇಷ್ ವರ್ನಾ, ಸದ್ದಿಲ್ಲದೆ ಕಮ್ಮಿ ಮಾಡ್ಕೊಂಡುಬಿಟ್ರಲ್ಲ," ಅಂದ.

ಕಮ್ಮಿ ಎಲ್ಲಿ ಬಂತು? ಮೊದಲಿಗಿಂತ ದುಪ್ಪಟ್ಟು ಎಳೆಯುತ್ತಿದ್ದೇನೆ. ಬಾಟಲಿ ಮಾತ್ರ ಖಾಲಿಯಾಗುತ್ತಿಲ್ಲ. ಹಾಗಾದರೆ ನನ್ನ ಡಬ್ಬಿಯೊಳಗೆ ಹೋಗುತ್ತಿರುವುದು ಏನು? ಕೇಳಲು ಬಂದಿದ್ದನ್ನು ಕೇಳದೆ ಕಾರು ಹತ್ತಿದೆ.

ಜೆನೆಲ್ ಅಡುಗೆಮನೆಯಲ್ಲಿ ಮೂರಂತಸ್ತಿನ ಕೇಕೊಂದಕ್ಕೆ ಬಿಳಿ ಹೊದಿಕೆ ಹೊದಿಸುತ್ತಿದ್ದಳು. ಭಾನುವಾರವಲ್ಲದ ದಿನ, ಅದೂ ಫೋನು ಮಾಡದೆ ಬಂದಿದ್ದು ಯಾಕೆ, ಮೈ ಸರಿಯಿಲ್ಲವಾ ಅಂತ ಕೇಳಿದಳು. ನಾನು ನೇರ ಹೋಗಿ ಫ್ರಿಜ್ಜಿನ ಮೇಲಿಂದ ನನ್ನ ಬಾಟಲಿ ಇಳಿಸಿದೆ. ಅರ್ಧಕ್ಕಿಂತ ಹೆಚ್ಚೇ ಇತ್ತು. ಮೇಜಿನ ಮೇಲೆ ಅವಳು ಸಕ್ಕರೆ ಹಿಟ್ಟು ಮೆತ್ತಗಾಗಲು ಹಾಕುವ ಗ್ಲಿಸರಿನ್ ಸೀಸೆ ಇತ್ತು. ಅದರ ಪಕ್ಕದಲ್ಲೇ ನನ್ನ ಸಿರಿಂಜು. ಒಂದು ಹನಿ ಗ್ಲಿಸರಿನ್ ಬೆರಳಿಗೆ ತಗೊಂಡು ನೆಕ್ಕಿದೆ. ಇಷ್ಟು ದಿನ ನನ್ನ ನಾಲಿಗೆಯ ಮೇಲೆ ಕೂತಿದ್ದ ಸಿಹಿ ಅದೇ.

"ಏನೇ ಇದು? ನನಗೂ ಐಸಿಂಗ್ ಹಾಕ್ತಿದ್ದೀಯಾ?"

ಅವಳ ಮುಖ ಕೇಕಿನಷ್ಟೇ ಬೆಳ್ಳಗಾಯಿತು. ಸುಳ್ಳು ಹೇಳಲಿಲ್ಲ, ಅದೊಂದು ಗುಣ ಅವಳಲ್ಲಿದೆ. ಮೊದಮೊದಲು ಸ್ವಲ್ಪ ಬೆರೆಸಿದಳಂತೆ. ನನಗೆ ಗೊತ್ತಾಗಲಿಲ್ಲ ಅಂತ ಇನ್ನಷ್ಟು. ಈಗೊಂದಿಷ್ಟು ವಾರದಿಂದ ನನ್ನ ಡಬ್ಬಿಯಲ್ಲಿ ಮಿನ್‌ನ ರಸ ವಾಸನೆಗೆ ಮಾತ್ರ ಇತ್ತಂತೆ. ಕ್ರಿಸ್‌ಮಸ್ ಹೊತ್ತಿಗೆ ಪೂರ್ತಿ ನಿಲ್ಲಿಸಿ, ಆಮೇಲೆ ಕೇಕು ಕತ್ತರಿಸಿ ನನಗೆ ಹೇಳುವ ಯೋಚನೆಯಂತೆ. ಅದಕ್ಕೂ ಕೇಕು.

"ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳಿದ್ರೆ ಒಪ್ತಿದ್ಯಾ?"

"ಇಲ್ಲ."

"ಅದಕ್ಕೇ ಕೇಳ್ಲಿಲ್ಲ." ಕೈಯಲ್ಲಿದ್ದ ಲಟ್ಟಣಿಗೆ ಇಟ್ಟಳು. "ಅಪ್ಪನ್ನ ನೋಡಿದ್ದೀನಮ್ಮ ನಾನು. ಒಂದೊಂದು ಉಸಿರಿಗೂ ಬಾಯಿ ಬಾಯಿ ಬಿಡ್ತಿದ್ರು. ನಿನ್ನನ್ನೂ ಹಾಗೆ ನೋಡಕ್ಕೆ ನನ್ನ ಕೈಲಿ ಆಗಲ್ಲ."

ಅವಳ ಕಣ್ಣಲ್ಲಿ ನೀರು ಬಂತು. ನನಗೂ ಕರುಳು ಚುರುಕ್ ಅಂದಿತು, ಕಲ್ಲೇನಲ್ಲ ನಾನು. ಆದರೆ ಕರುಳು ಚುರುಕ್ ಅಂದರೆ ಸಿಟ್ಟು ಇಳಿಯಬೇಕು ಅಂತ ಎಲ್ಲೂ ಬರೆದಿಲ್ಲ. ಕೈಚೀಲದಿಂದ ಆ ಹಸಿರು ಪೊಟ್ಟಣ ತೆಗೆದು ಅವಳ ಬಿಳಿ ಸಕ್ಕರೆ ಹಾಳೆಯ ಮೇಲೆ ಇಟ್ಟೆ.

"ಇದನ್ನ ಇವತ್ತು ಬೆಳಿಗ್ಗೆ ತಂದೆ. ಯಾಕೆ ಗೊತ್ತಾ? ನನ್ನ ತಲೆ ಕೆಟ್ಟಿದೆ, ನನ್ನ ಕೈಲಿ ಇನ್ನೇನೂ ಆಗಲ್ಲ ಅಂದ್ಕೊಂಡಿದ್ದೆ. ನಿನ್ನ ಉಪಕಾರ ನನ್ನನ್ನ ಎಲ್ಲಿಗೆ ಕರ್ಕೊಂಡ್ಹೋಗಿತ್ತು ನೋಡು."

ಅವಳು ಪೊಟ್ಟಣವನ್ನೇ ನೋಡಿದಳು. ಅಷ್ಟು ವರ್ಷ ಬೇಡಿಕೊಂಡು ಓಡಿಸಲು ನೋಡಿದ್ದ ಭೂತ ಅವಳ ಮೇಜಿನ ಮೇಲೇ ಕೂತಿತ್ತು. ಬೆರಳಿನಿಂದ ಮುಟ್ಟಿ, ಒಡೆದಿಲ್ಲ ಅಂತ ಗೊತ್ತಾದ ಮೇಲೆ ಉಸಿರು ಬಿಟ್ಟಳು.

"ಬಿಡೋದಾದ್ರೆ ನಾನು ಬಿಡ್ತೀನಿ ಕಣೇ. ಸಿಗರೇಟು ನಾನೇ ಬಿಟ್ಟಿದ್ದು. ಇದನ್ನ ನೀನು ಕದ್ದು ಬಿಡ್ಸಿದ್ರೆ ಅದು ನಾನು ಬಿಟ್ಟ ಹಾಗಲ್ಲ. ನನಗಿರೋದೇ ಅದೊಂದು, ಅದನ್ನೂ ಕಿತ್ಕೋಬೇಡ."

ಬಾಟಲಿ, ಸಿರಿಂಜು, ಬಿಸ್ಕತ್ತಿನ ಟಿನ್ನು, ಪೊಟ್ಟಣ, ಎಲ್ಲ ಬಾಚಿಕೊಂಡು ಹೊರಟೆ. ಈ ಕೈಯಲ್ಲಿ ಹೇಗಮ್ಮ ತುಂಬಿಸ್ಕೋತೀಯ ಅಂತ ಅವಳು ಬಾಗಿಲವರೆಗೆ ಬಂದಳು. ನಾನು ತಿರುಗಿ ನೋಡಲಿಲ್ಲ. ಉತ್ತರ ನನಗೂ ಗೊತ್ತಿರಲಿಲ್ಲ, ಅದನ್ನು ಅವಳಿಗೆ ಯಾಕೆ ತೋರಿಸಲಿ.

ಮನೆಗೆ ಬಂದು ಅಡುಗೆಮನೆಯ ತೆರೆದ ಕಿಟಕಿಯ ಪಕ್ಕ ಕೂತೆ. ಮೊದಲನೆಯ ಡಬ್ಬಿ ಜಾರಿ ನೆಲಕ್ಕೆ ಬಿತ್ತು. ಎರಡನೆಯದಕ್ಕೆ ರಸ ಹೋಯಿತು, ಆದರೆ ಒಳಗಲ್ಲ, ಸುತ್ತಲೂ. ಬೇಲಿಯ ಆಚೆಯಿಂದ ಕತ್ತು ಚಾಚಿ ನೋಡುತ್ತಿದ್ದ ಡೆಸ್ ಸುಮ್ಮನಿರುವವನೇ? ಕಾರ್ಖಾನೆಯಲ್ಲಿ ನನ್ನ ಕ್ರೇನಿನ ಕೆಳಗೇ ಸರಕಿಗೆ ಸರಪಳಿ ಬಿಗಿದು ಕೊಕ್ಕೆಗೆ ಸಿಕ್ಕಿಸುತ್ತಿದ್ದವನು ಅವನು.

"ಏನ್ ವರ್ನಾ, ನಲವತ್ತು ಟನ್ ಎತ್ತಿದವಳಿಗೆ ನಾಲ್ಕು ಹನಿ ಎತ್ತಕ್ಕಾಗ್ತಿಲ್ವಾ?"

ಬಾಯಿ ಮುಚ್ಚು ಅಂದೆ. ಆದರೆ ಮಾತು ತಲೆಯೊಳಗೆ ಉಳಿಯಿತು. ಕ್ರೇನಿನ ಕೊಕ್ಕೆ ತೂಗಾಡುವಾಗ ನಾನೇನು ಮಾಡುತ್ತಿದ್ದೆ? ತಡೆದು ನಿಲ್ಲಿಸಲು ಹೋದರೆ ಅದು ಇನ್ನೂ ಜೋರಾಗಿ ತೂಗುತ್ತದೆ. ಅದು ಹೋದ ಕಡೆಗೇ ಕ್ರೇನನ್ನು ಮೆಲ್ಲಗೆ ಒಯ್ದು, ಅದರ ತಲೆಯ ಮೇಲೆ ಬಂದು ನಿಲ್ಲಬೇಕು; ಆಗ ತಾನೇ ಸುಮ್ಮನಾಗುತ್ತದೆ. ಕೆಳಗಿರುವ ಸಾಮಾನು ಮಾತ್ರ ಅಲುಗಾಡಬಾರದು. ಇಲ್ಲಿ ನನ್ನ ಎರಡು ಕೈಯೂ ಅಲುಗಾಡುತ್ತಿವೆ. ಒಂದನ್ನಾದರೂ ಕೆಲಸದಿಂದ ತೆಗೆಯಬೇಕು.

ಶೆಡ್ಡಿನಲ್ಲಿ ಮರ್ವ್‌ನ ತಿರುಪು ಬಿಗಿದು ಕಚ್ಚಿಸುವ ಸಣ್ಣ ವೈಸ್ ಇತ್ತು, ಗಾಳದ ಕೊಕ್ಕೆ ಕಚ್ಚಿಸಿ ಅರ ಹಾಕುತ್ತಿದ್ದದ್ದು. ಅದನ್ನು ತಂದು ಅಡುಗೆಮನೆಯ ಮೇಜಿಗೆ ಬಿಗಿದೆ. ರಸ ತುಂಬಿದ ಸಿರಿಂಜನ್ನು ಬಟ್ಟೆ ಸುತ್ತಿ, ಸೂಜಿ ಕೆಳಗಾಗಿ ಅದರ ಬಾಯಿಗೆ ಕಚ್ಚಿಸಿದೆ. ಈಗ ಸೂಜಿ ಅಲುಗಾಡುವ ಹಾಗಿಲ್ಲ. ಎರಡೂ ಮೊಣಕೈ ಮೇಜಿಗೆ ಊರಿ, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿನಿಂದ ತಂದೆ. ಕೈ ನಡುಗಿತು. ನಡುಗಲಿ ಅಂತ ಬಿಟ್ಟೆ. ತಡೆಯಲು ಹೋಗದೆ ಅದರ ಜೊತೆಗೇ ಒಂದಿಷ್ಟು ಹೊತ್ತು ಆ ಕಡೆ ಈ ಕಡೆ ಹೋದೆ. ಸೂಜಿ ತಾನಾಗಿ ತೂತಿನೊಳಗೆ ಇಳಿಯಿತು.

ಆಮೇಲೆ ಸಿರಿಂಜು ಒತ್ತಲು ಕೈಯೇ ಉಳಿದಿಲ್ಲ ಅಂತ ಹೊಳೆಯಿತು. ಗದ್ದ ಇತ್ತಲ್ಲ, ಗದ್ದದಿಂದ ಒತ್ತಿದೆ. ಡೆಸ್ ಬೇಲಿಯ ಮೇಲೆ ಬಿದ್ದು ಬಿದ್ದು ನಕ್ಕ. ನಗಲಿ. ಮೇಜಿನ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ಹತ್ತಿ ನೆನೆಯುವವರೆಗೆ ಕಾದು ಒಂದು ಎಳೆದೆ. ಗಂಟಲಿಗೆ ಹಳೆಯ ಏಟು ಬಿತ್ತು. ಅತ್ತೆ, ಸುಳ್ಳು ಯಾಕೆ ಹೇಳಲಿ. ಡೆಸ್‌ಗೆ ಕಾಣದ ಹಾಗೆ ತಿರುಗಿ ಕೂತು ಅತ್ತೆ. ನನ್ನ ತಲೆ ಕೆಟ್ಟಿರಲಿಲ್ಲ.

ಮರುದಿನ ಮಿನ್ ಹತ್ತಿರ ಹೋಗಿ ನಡೆದದ್ದೆಲ್ಲ ಹೇಳಿದೆ. ಕೇಕಿನ ಗ್ಲಿಸರಿನ್ ಎದೆಯೊಳಗೆ ಎಳೆಯಲು ಮಾಡಿದ್ದಲ್ಲ ಅಂತ ಅವನು ಹುಬ್ಬು ಗಂಟಿಕ್ಕಿದ. ಆ ಗಂಟು ನನ್ನ ಮಗಳಿಗೆ ತೋರಿಸು ಅಂದೆ. ಹೊರಡುವ ಮುಂಚೆ, ನಿಕೋಟಿನ್ ಇಲ್ಲದ ಬರಿಯ ರಸದ್ದೂ ಒಂದು ಬಾಟಲಿ ಕೊಡು ಅಂದೆ. ಮಿನ್ ನನ್ನ ಮುಖ ನೋಡಿದ. ಜಾಣ, ಏನೂ ಕೇಳದೆ ಕಟ್ಟಿಕೊಟ್ಟ.

ಭಾನುವಾರ ನಾನು ಊಟಕ್ಕೆ ಹೋಗಲಿಲ್ಲ. ಜೆನೆಲ್ ತಾನೇ ಬಂದಳು, ಹುರಿದ ಕುರಿಮಾಂಸ, ಕುಂಬಳಕಾಯಿ ಡಬ್ಬಿಗೆ ಹಾಕಿಕೊಂಡು. ಸಾಲಾಗಿ ತುಂಬಿಟ್ಟಿದ್ದ ಪುಟ್ಟ ಡಬ್ಬಿಗಳನ್ನು ನೋಡಿದಳು, ವೈಸ್ ನೋಡಿದಳು, ನನ್ನ ಗದ್ದದ ಮೇಲಿನ ಕೆಂಪು ಗುರುತನ್ನೂ ನೋಡಿ ತುಟಿ ಕಚ್ಚಿಕೊಂಡಳು. ತಪ್ಪಾಯಿತು ಅಂದಳು. ಕ್ಷಮಿಸಿದೆ ಅಂತ ನಾನು ಅನ್ನಲಿಲ್ಲ. ತಟ್ಟೆ ಹಾಕು, ಮಾಂಸ ಆರುತ್ತದೆ ಅಂದೆ. ನಮ್ಮಿಬ್ಬರಲ್ಲಿ ಅದಕ್ಕೆ ಅದೇ ಅರ್ಥ.

ಉಣ್ಣುತ್ತಾ ಉಣ್ಣುತ್ತಾ ಅವಳ ಕಣ್ಣು ಕಿಟಕಿಯ ಹಲಗೆಗೆ ಹೋಯಿತು. ಅಲ್ಲಿ ಎರಡು ಬಾಟಲಿ ಇದ್ದವು, ಗಟ್ಟಿಯದೊಂದು, ಬರಿಯದೊಂದು. ಎರಡರಲ್ಲೂ ರಸ ಇಳಿದಿತ್ತು. ಅವುಗಳ ನಡುವೆ ಆ ಹಸಿರು ಪೊಟ್ಟಣ.

"ಅಮ್ಮ, ಆ ಪೊಟ್ಟಣ ನಾನು ತಗೊಂಡ್ಹೋಗಿ ಬಿಸಾಕ್ಲಾ?"

"ಮುಟ್ಬೇಡ. ಅದನ್ನ ಒಡೀದೆ ಇರೋದು ನನ್ನ ಕೆಲಸ."

ಕುಂಬಳಕಾಯಿ ಚೂರೊಂದನ್ನು ತಟ್ಟೆಯಲ್ಲಿ ಆ ಕಡೆ ಈ ಕಡೆ ತಳ್ಳಿದಳು. ಆಮೇಲೆ ತಡೆಯಲಾಗಲಿಲ್ಲ, ನನ್ನ ಮಗಳಲ್ಲವೇ.

"ಎರಡನ್ನೂ ಬೆರೆಸ್ತಿದ್ದೀಯ ಅಲ್ವಾ? ಎಷ್ಟಕ್ಕೆ ಎಷ್ಟು?"

"ಅದು ನಿನಗ್ಯಾಕೆ?" ಅಂದೆ.

ನಿಮಗೂ ಹೇಳುವುದಿಲ್ಲ.