ಎರಡು ಅಂಗನವಾಡಿ, ಒಂದು ಬೊಟ್ಟು

ಲಲಿತಾ ಮಗಳ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಬೆಳಿಗ್ಗೆ ಕೆನ್ನೆಗೆ ಇಟ್ಟಿದ್ದ ದೃಷ್ಟಿ ಬೊಟ್ಟು ಇದ್ದಲ್ಲೇ ಇತ್ತು. ಫ್ರಾಕಿನ ಇಸ್ತ್ರಿಯೂ ಕೆಟ್ಟಿರಲಿಲ್ಲ.

"ಭಾಳ ಶಾಣ್ಯಾ ಅದಾಳ್ರಿ ನಿಮ್ಮ ಐಶ್ವರ್ಯ," ಎಂದರು ಶಾಂತಾ ಟೀಚರ್, ಬಾಗಿಲಿಗೆ ಬೀಗ ಹಾಕುತ್ತ. "ಅಳು ಇಲ್ಲ, ಜಗಳ ಇಲ್ಲ. ಕುಂದ್ರಿಸಿದಲ್ಲೇ ಕುಂತಿದ್ಲು. ಮೂವತ್ತೆರಡು ಹುಡುಗ್ರು ಹಿಂಗಿದ್ರ ನಾ ದೇವರಿಗೆ ಕಾಯಿ ಒಡಸ್ತಿದ್ದೆ ನೋಡ್ರಿ."

ಲಲಿತಾಳಿಗೆ ಹಿಗ್ಗಾಯಿತು. ಗಂಗಾವತಿಯ ಆ ವಾರ್ಡಿನಲ್ಲಿ ಎರಡು ಅಂಗನವಾಡಿಗಳು. ಅವಳ ಓಣಿ ಎರಡರ ನಡುವೆ ಇದ್ದುದರಿಂದ ಯಾವುದಕ್ಕೆ ಕಳಿಸಿದರೂ ನಡೆಯುತ್ತಿತ್ತು. ಇದು ಹೊಸ ಕಟ್ಟಡ. ಗೋಡೆಯ ಮೇಲೆ ಆನೆ, ನವಿಲು, ಕಾಗುಣಿತ, ನೆಲಕ್ಕೆ ಟೈಲ್ಸ್, ಮಕ್ಕಳಿಗೆ ತಕ್ಕ ಪುಟ್ಟ ಪಾಯಖಾನೆ. ಇನ್ನೊಂದು ಕಾಲುವೆ ಕಡೆ, ತಗಡಿನ ಬಾಡಿಗೆ ಖೋಲಿ.

ಆರಿಸಲು ಪುರಸೊತ್ತೂ ಇರಲಿಲ್ಲ. ಮಗುವನ್ನು ನೋಡಿಕೊಳ್ಳುತ್ತಿದ್ದ ಅತ್ತೆ ಕಳಕಮ್ಮ ತೀರಿಕೊಂಡು ಎರಡು ತಿಂಗಳಾಗಿತ್ತು. ಗಂಡ ಸಿದ್ದೇಶ ಭತ್ತ ಕೊಯ್ಯುವ ಮಷೀನಿನ ಜೊತೆ ನವಲಿ ಕಡೆ ಹೋಗಿದ್ದ. ಲಲಿತಾ ಮಗುವನ್ನು ಅಕ್ಕಿ ಮಿಲ್ಲಿಗೇ ಕರೆದೊಯ್ಯುತ್ತಿದ್ದಳು. ಮೊನ್ನೆ ಹಿಂದಕ್ಕೆ ಸರಿಯುತ್ತಿದ್ದ ಲಾರಿಯ ಗಾಲಿಯ ಹತ್ತಿರ ಐಶು ಕೂತದ್ದನ್ನು ಕಂಡು ಮೇಸ್ತ್ರಿ ದುರುಗಪ್ಪ ಹೌಹಾರಿದ್ದ. "ಸೋಮವಾರದಿಂದ ಕೂಸಿನ ಜೋಡಿ ಬಂದ್ರ ನೀನೂ ಬರಬ್ಯಾಡವ್ವ," ಎಂದು ಕಡ್ಡಿ ಮುರಿದಂತೆ ಹೇಳಿದ್ದ.

ಅದಕ್ಕೇ ಒಂದೊಂದು ದಿನ ಒಂದೊಂದು ಕಡೆ ಬಿಟ್ಟು ನೋಡುವ ಹಂಚಿಕೆ. ಪರೀಕ್ಷೆಗೆ ಅವಳ ಹತ್ತಿರ ಇದ್ದದ್ದು ಮನೆಯಲ್ಲೇ ಮಾಡಿದ ಕಾಡಿಗೆ. ಬೆಳಿಗ್ಗೆ ಇಟ್ಟ ಬೊಟ್ಟು ಸಂಜೆಗೆ ನೆಟ್ಟಗಿದ್ದರೆ ಕೂಸನ್ನು ನೆಟ್ಟಗೆ ನೋಡಿಕೊಂಡಿದ್ದಾರೆ ಎಂಬುದು ಅವಳ ಲೆಕ್ಕ.

ಆ ಗುರುವಾರ ಸಂಜೆ ಮನೆಗೆ ಬಂದು ಫ್ರಾಕು ಬಿಚ್ಚಿದರೆ ಜೇಬಿನಲ್ಲಿ ಬೇಯಿಸಿದ ತತ್ತಿ, ಸಿಪ್ಪೆ ಸಮೇತ. "ಅಯ್ಯ ನನ ಬಂಗಾರ, ಅವ್ವಗಂತ ಇಟಗೊಂಡು ಬಂದೀಯೇನ?" ಎಂದು ಲಲಿತಾ ನಕ್ಕಳು. ಸುಲಿದು ಚೂರು ಮಾಡಿ ಬಾಯಿಗಿಟ್ಟಳು. ಐಶು ಗಬಗಬ ತಿಂದಿತು, ಮೇಲೆ ಅನ್ನವನ್ನೂ ಕೇಳಿತು. ತತ್ತಿ ಕೊಡುತ್ತಾರೆ, ಸ್ವಚ್ಛ ಇಡುತ್ತಾರೆ, ಮತ್ತೇನು ಬೇಕು? ಅವಳ ಮನಸ್ಸಿನಲ್ಲಿ ಆಗಲೇ ತೀರ್ಮಾನವಾಗಿತ್ತು. ಶುಕ್ರವಾರ ಕಾಲುವೆ ಕಡೆ ಬಿಟ್ಟದ್ದು ಹೆಸರಿಗಷ್ಟೇ.

ನಾಲ್ಕಕ್ಕೆ ಹೋಗಿ ನೋಡಿದರೆ ಮಗಳ ಗುರುತು ಹತ್ತಲಿಲ್ಲ. ಬೊಟ್ಟು ಕಿವಿಯ ತನಕ ಹರಡಿತ್ತು. ಮೂಗು ಕಪ್ಪು, ಕಣ್ಣು ಕೆಂಪು. ಫ್ರಾಕಿನ ಎದೆಯ ಮೇಲೆ ಸಾಂಬಾರು. ಲಲಿತಾಳಿಗೆ ಮೈಯೆಲ್ಲ ಉರಿದುಹೋಯಿತು.

"ಏನ್ರೀ ಇದು? ಮಂದಿ ಮಕ್ಕಳಂದ್ರ ಹಿಂಗೇನು ನೋಡೂದು? ಶಾಂತಾ ಟೀಚರ್ ಕಡೆ ನಿನ್ನೆ ಇಟ್ಟ ಬೊಟ್ಟು ಇಟ್ಟಂಗ ಬಂದಿತ್ತು!"

ಅಲ್ಲಿನ ಟೀಚರ್ ಮೀಟಿಂಗಿಗೆ ಹೋಗಿದ್ದರು. ಒಳಗಿದ್ದವಳು ಆಯಾ ನೂರಜಾನಬಿ, ಐವತ್ತು ದಾಟಿದ ಹೆಂಗಸು. ಪಾತ್ರೆ ತಿಕ್ಕುವುದನ್ನು ಬಿಟ್ಟು ಎದ್ದು ಬಂದಳು.

"ಬೈಬ್ಯಾಡ ತಂಗಿ, ತಪ್ಪಾತು. ಮಾರಿ ತೊಳಿಬೇಕಂದ್ರ ಕೆಳಗ ಇಳೀವಲ್ಲದು. ನೀ ಹ್ವಾದ ಕೂಡ್ಲೆ ಶುರು ಮಾಡ್ತು ನೋಡು, ಅಜ್ಜಿ ಬೇಕು ಅಜ್ಜಿ ಬೇಕು ಅಂತ. ಒಂದ ಸಮ ಅಳಾಕ್ಹತ್ತಿತ್ತು. ಎತಗೊಂಡ ಅಡಗಿ ಮಾಡ್ದೆ."

"ಅಜ್ಜಿ ಅಂದ್ಲಾ?" ಲಲಿತಾ ಕೇಳಿದಳು. ಮನೆಯಲ್ಲಿ ಎರಡು ತಿಂಗಳಿಂದ ಐಶು ಆ ಮಾತೇ ಎತ್ತಿರಲಿಲ್ಲ.

"ಹೂಂನವ್ವ. ತಾಟಿನ್ಯಾಗ ಹಾಕಿಟ್ರ ಮುಟ್ಟಲಿಲ್ಲ. ಸುಮ್ನ ನೋಡಕೋತ ಕುಂತ್ಲು. ಕೈತುತ್ತು ಮಾಡಿ ಬಾಯಿಗಿಟ್ಟೆ, ಆವಾಗ ಉಂಡ್ಲು. ಯಾರರ ಉಣಿಸಿದ್ರಷ್ಟ ಉಣ್ಣೂ ಕೂಸು ಇದು. ನಿನಗ ಗೊತ್ತಿರಬೇಕಲ್ಲ?"

ಲಲಿತಾಳಿಗೆ ಗೊತ್ತಿತ್ತು. ಕಳಕಮ್ಮ ಒಂದು ದಿನವೂ ಮಗುವಿನ ಕೈಗೆ ತಾಟು ಕೊಟ್ಟವಳಲ್ಲ. ಜೇಬಿನಲ್ಲಿದ್ದ ತತ್ತಿ ನೆನಪಾಯಿತು. ಅವ್ವನಿಗಂತ ಇಟ್ಟುಕೊಂಡದ್ದು ಅಂದುಕೊಂಡೆನಲ್ಲ, ನಿನ್ನೆಯೆಲ್ಲ ಕೂಸು ಉಪವಾಸ ಕೂತಿತ್ತು ಎಂದು ಈಗ ಹೊಳೆಯಿತು. ಶಾಂತಾ ಟೀಚರನ್ನು ಬೈಯಲೂ ಬಾಯಿ ಬರಲಿಲ್ಲ. ಅಳದ ಕೂಸನ್ನು ಮೂವತ್ತೆರಡು ಮಕ್ಕಳ ನಡುವೆ ಯಾರು ತಿರುಗಿ ನೋಡುತ್ತಾರೆ?

ನೂರಜಾನಬಿ ಮಗುವಿನ ಚಪ್ಪಲಿ ಹುಡುಕಲು ಆ ಕಡೆ ತಿರುಗಿದಳು. ಅವಳ ತಿಳಿ ಹಳದಿ ಸೀರೆಯ ಎಡಭುಜದ ಮೇಲೆ, ಕುತ್ತಿಗೆಯ ಹತ್ತಿರ, ಅಂಗೈಯಗಲ ಕಾಡಿಗೆ ಮೆತ್ತಿತ್ತು.

"ಸೀರಿ ಹಾಳಾತಲ್ರಿ," ಎಂದಳು ಲಲಿತಾ.

"ಅಯ್ಯ, ಒಗದ್ರ ಹೋಗ್ತೈತಿ ತಗೋ."

ಸೋಮವಾರ ಬೆಳಿಗ್ಗೆ ಲಲಿತಾ ಐಶುವಿಗೆ ತಲೆ ಬಾಚಿ, ಒಗೆದ ಅದೇ ಫ್ರಾಕು ತೊಡಿಸಿದಳು. ಕಾಡಿಗೆ ಡಬ್ಬಿಯಲ್ಲಿ ಬೆರಳದ್ದಿ ಕೆನ್ನೆಯ ತನಕ ಒಯ್ದವಳು ತಡೆದಳು. ಮಗಳನ್ನು ಕಟ್ಟೆಯ ಮೇಲೆ ಕೂರಿಸಿ, ಎಡಗಾಲು ಎತ್ತಿ, ಅಂಗಾಲಿಗೆ ಬೊಟ್ಟಿಟ್ಟಳು. ಐಶು ಕಚಗುಳಿಯಾಗಿ ನಕ್ಕಿತು. ಲಲಿತಾ ಚಪ್ಪಲಿ ತೊಡಿಸಿ, ಕೈ ಹಿಡಿದುಕೊಂಡು ಕಾಲುವೆ ಕಡೆ ನಡೆದಳು.