ಬಾವಿಕಟ್ಟೆಯ ಕಲ್ಲುಹುಡುಗಿ

ಸುಂದರ ಅಂಚನ್ ಪ್ರಾಗ್ ಊರನ್ನು ಕಣ್ಣಾರೆ ಕಂಡವನಲ್ಲ. ಆದರೂ ಆ ಊರಿನ ಸಂದುಗೊಂದುಗಳು ಕುವೈತಿನ ಹವಲ್ಲಿಯ ತನ್ನ ಬಿಡಾರದ ಮೆಟ್ಟಿಲುಗಳಿಗಿಂತ ಚೆನ್ನಾಗಿ ಅವನಿಗೆ ಗೊತ್ತಿದ್ದವು. ಮಿರ್ಕಾಬಿನ ಒಂದು ಟ್ರಾವೆಲ್ ಆಫೀಸಿನಲ್ಲಿ, ಕಿಟಕಿಯಿಂದ ಎರಡನೇ ಮೇಜು ಅವನದು. ಬೇಸಿಗೆಯ ಕಾವು ತಡೆಯಲಾರದೆ ಯುರೋಪಿಗೆ ಓಡುವ ಕುವೈತಿ ಮನೆಮಂದಿಗೆ, ಅಲ್ಲಿ ಏನು ನೋಡಬೇಕು, ಎಲ್ಲಿ ಉಣ್ಣಬೇಕು ಎಂದು ದಿನದಿನದ ಲೆಕ್ಕದಲ್ಲಿ ಬರೆದುಕೊಡುವುದು ಅವನ ಕೆಲಸ.

‘ಪ್ರಾಗ್‌ನಲ್ಲಿ ಐದು ದಿನ’ ಎಂಬ ಅವನ ಪುಸ್ತಿಕೆಗೆ ಒಳ್ಳೆಯ ಹೆಸರಿತ್ತು. ಹಳೇಪೇಟೆಯ ದೊಡ್ಡ ಗಡಿಯಾರದ ಕೆಳಗೆ ಗಂಟೆಗೆ ಹತ್ತು ನಿಮಿಷ ಮೊದಲೇ ನಿಲ್ಲಿ. ಅಲ್ಲಿ ಗಂಟೆ ಹೊಡೆಯುವುದು ಒಂದು ಅಸ್ಥಿಪಂಜರ, ಸಣ್ಣ ಮಕ್ಕಳಿದ್ದರೆ ಮೊದಲೇ ಹೇಳಿಡಿ. ಚಾರ್ಲ್ಸ್ ಸೇತುವೆಗೆ ಬೆಳಿಗ್ಗೆ ಆರಕ್ಕೆ ಹೋದರೆ ಮೂವತ್ತು ಮೂರ್ತಿಗಳೂ ನಿಮ್ಮವೇ, ಒಂಬತ್ತರ ಮೇಲೆ ಬರೀ ಜನರ ಬೆನ್ನು. ಕೋಟೆಗೆ ಟ್ರಾಮಿನಲ್ಲಿ ಹತ್ತಿ, ನಡೆದು ಇಳಿಯಿರಿ, ಅಜ್ಜಿಯಂದಿರ ಮೊಣಕಾಲು ಉಳಿಯುತ್ತದೆ. ಇಂಥ ಮಾತು ಹೋಗಿಬಂದವರು ಕೂಡ ಬರೆಯಲಾರರು. ಹೋಗದವನಿಗೆ ಮಾತ್ರ ಅಷ್ಟು ಪುರುಸೊತ್ತು ಇರುತ್ತದೆ.

ಪುಸ್ತಿಕೆಗೆ ಹೆಸರು ಬಂದಮೇಲೆ ಕಳ್ಳರೂ ಬಂದರು. ಪಕ್ಕದ ಬೀದಿಯ ಏಜೆನ್ಸಿಯವರು ಅದನ್ನು ಪುಟಕ್ಕೆ ಪುಟ ಇಳಿಸಿ, ಮೇಲೆ ತಮ್ಮ ಮೊಹರು ಒತ್ತಿ ಹಂಚತೊಡಗಿದರು. ಆಫೀಸಿನ ಮುದೀರ್, ಅಂದರೆ ಮ್ಯಾನೇಜರ್, ಕೆಂಡವಾದ. ಉಪಾಯ ಹೇಳಿದ್ದು ಪಕ್ಕದ ಮೇಜಿನ ಶಫೀಕ್, ಉಳ್ಳಾಲದ ಬ್ಯಾರಿ ಹುಡುಗ.

“ಸುಂದರಣ್ಣ, ಇಲ್ಲದ ಒಂದು ಜಾಗ ಬರೆದು ಹಾಕಿ ನೋಡುವ. ಅವ್ರೂ ಅದನ್ನೇ ಹಾಕಿದ್ರೆ ಕದ್ದದ್ದು ಅಂತ ಪ್ರೂಫ್ ಆಯ್ತಲ್ಲ.”

“ಕಸ್ಟಮರ್ ಹೋಗಿ ಹುಡುಕಿದ್ರೆ ಎಂತ ಮಾಡುದು?”

“ಆ ಸಂದಿಯಲ್ಲಿ ಸಿಗ್ಲಿಲ್ಲ ಅಂದ್ರೆ ದಾರಿ ತಪ್ಪಿತು ಅಂದ್ಕೊಳ್ತಾರೆ. ನೋಡ್ಲಿಲ್ಲ ಅಂತ ಬಾಯಿ ಬಿಟ್ಟು ಹೇಳುವವರು ಯಾರುಂಟು ಮಾರಾಯ್ರೆ?”

ಅದು ಹನ್ನೊಂದು ವರ್ಷದ ಹಿಂದಿನ ಮಾತು. ಪುಸ್ತಿಕೆಯ ಮೂರನೇ ದಿನದ ಮಧ್ಯಾಹ್ನಕ್ಕೆ ಸುಂದರ ಒಂದು ಜಾಗ ಹುಟ್ಟಿಸಿದ. ಜೋಡಿ ಗೋಪುರದ ಟೀನ್ ಚರ್ಚಿನ ಹಿಂದೆ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಕಿರಿದಾದ ಒಂದು ಓಣಿ. ಅದರ ಕೊನೆಗೆ ಹಳೆಯ ಬಾವಿ. ಬಾವಿಕಟ್ಟೆಯ ಮೇಲೆ ಐದು ವರ್ಷದ ಒಬ್ಬ ಕಲ್ಲುಹುಡುಗಿ. ಎರಡು ಜಡೆ, ಒಂದು ಕಾಲಿಗೆ ಮಾತ್ರ ಚಪ್ಪಲಿ, ಮುಂದಕ್ಕೆ ಚಾಚಿದ ಕೈ. ಆ ಕೈಗೆ ಬಳೆ ಹಾಕಿದವರ ಮನೆ ಮಕ್ಕಳು ಕ್ಷೇಮವಾಗಿರುತ್ತಾರೆಂದು ಅಲ್ಲಿನವರು ನಂಬುತ್ತಾರೆ. ಬಾವಿಗೆ ಕಬ್ಬಿಣದ ಗಟ್ಟಿ ಜಾಲರಿ ಹಾಕಿದೆ.

ಜಾಲರಿಯ ವಾಕ್ಯಕ್ಕೆ ‘ಗಟ್ಟಿ’ ಎಂಬ ಮಾತನ್ನು ಅವನು ಆಮೇಲೆ ಸೇರಿಸಿದ. ಯಾಕೆಂದರೆ ಊರಿನಲ್ಲಿ, ಕಟಪಾಡಿಯ ಅವರ ಮನೆ ಬಾವಿಗೆ ಜಾಲರಿ ಇರಲಿಲ್ಲ.

ಅವನ ಮಗಳು ಅಕ್ಷಿತಾ, ಮನೆಯವರ ಬಾಯಲ್ಲಿ ಅಕ್ಕು, ಅದಕ್ಕೂ ಏಳು ವರ್ಷ ಮೊದಲು ಆ ಬಾವಿಗೆ ಬಿದ್ದಾಗ ಅವಳಿಗೆ ಐದು ವರ್ಷ. ಕಟ್ಟೆಯ ಮೇಲೆ ಒಂದು ಚಪ್ಪಲಿ ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಸುಂದರನ ಪಾಸ್‌ಪೋರ್ಟ್ ಕಫೀಲನ, ಅಂದರೆ ವೀಸಾ ಕೊಟ್ಟ ಯಜಮಾನನ ಬಳಿ, ಕಫೀಲ್ ಎಲ್ಲೋ ಹೊರದೇಶದಲ್ಲಿ. ಇವನು ಊರು ಮುಟ್ಟುವಾಗ ನಾಲ್ಕನೇ ದಿನ, ಎಲ್ಲ ಮುಗಿದಿತ್ತು. ಮಗಳಿಗೆಂದು ಮುಬಾರಕಿಯಾ ಸೂಕಿನಲ್ಲಿ ಕೊಂಡಿದ್ದ ಆರು ಕೆಂಪು ಬಳೆಗಳು ಅವನ ಕಿಸೆಯಲ್ಲೇ ಉಳಿದವು. ಮಗಳ ಹೆಣ ಕಾಣದವನಿಗೆ ಅವಳು ಸತ್ತಳೆಂದು ನಂಬುವುದು ಕಷ್ಟ. ಅವನು ನಂಬಲೇ ಇಲ್ಲ. ಬಾಯಿಬಿಟ್ಟು ಹಾಗೆ ಹೇಳಲೂ ಇಲ್ಲ, ಹೇಳಿದರೆ ಹುಚ್ಚನೆನ್ನುತ್ತಿದ್ದರು.

ಪಕ್ಕದ ಬೀದಿಯವರು ಆ ಬಾವಿಯನ್ನೂ ಕದ್ದರು, ಸಿಕ್ಕಿಬಿದ್ದರು, ಖಲಾಸ್. ಮುದೀರ್ ಸುಂದರ, ಶಫೀಕ್ ಇಬ್ಬರಿಗೂ ಕಬಾಬ್ ತರಿಸಿದ. ಸುಳ್ಳನ್ನು ಆವಾಗಲೇ ತೆಗೆದುಹಾಕಬೇಕಿತ್ತು. ಸುಂದರ ತೆಗೆಯಲಿಲ್ಲ. ಮರುವರ್ಷ ಒಂದು ಸಂಸಾರ ಪ್ರಾಗ್‌ನಿಂದ ಬಂದು, “ನಿಮ್ಮ ಬಾವಿಕಟ್ಟೆಯ ಹುಡುಗಿ ಬಹಳ ಚೆಂದ” ಎಂದಿತು. ಶಫೀಕ್ ಫೈಲಿನ ಹಿಂದೆ ಮುಖ ಮುಚ್ಚಿ ನಕ್ಕ. ಆ ಸಂಜೆ ಸುಂದರನೂ ನಕ್ಕ.

ಅದರ ಮರುವರ್ಷ ಅಹ್ಮದಿ ಕಡೆಯ ಒಬ್ಬ ಮುದುಕ ಬಂದ. ಬಿಸಿನೀರಿನ ಚಿಕಿತ್ಸೆಗೆಂದು ವರ್ಷವರ್ಷ ಆ ದೇಶಕ್ಕೆ ಹೋಗುವವನು. ಅವನು ಪುಸ್ತಿಕೆ ತೆರೆದು ಬೆರಳಿಟ್ಟು ತೋರಿಸಿದ. ಇಲ್ಲಿ ಐದು ವರ್ಷ ಅಂತ ಹಾಕಿದ್ದೀಯ, ತಪ್ಪು. ಆ ಹುಡುಗಿಗೆ ಹದಿನಾಲ್ಕಾದರೂ ಇದೆ, ನನ್ನ ಮೊಮ್ಮಗಳ ಎತ್ತರ. ಸುಂದರ ಬೆರಳು ಮಡಚಿ ಎಣಿಸಿದ. ಅಕ್ಕು ಇದ್ದಿದ್ದರೆ ಅವಳಿಗೂ ಹದಿನಾಲ್ಕು. ಈ ಸಲ ಅವನು ನಗಲಿಲ್ಲ. ಅವನಿಗೆ ಹೆದರಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಹೆದರಿಕೆಗಿಂತ ಹೆಚ್ಚು ಸಂತೋಷವೇ ಆಯಿತು. ಮಗಳು ಒಂದು ಕಡೆ ಇದ್ದಾಳೆ, ಬೆಳೆಯುತ್ತಿದ್ದಾಳೆ, ಅವಳ ಬಾವಿಗೆ ಜಾಲರಿ ಇದೆ. ಇದನ್ನು ಅವನು ಹೆಂಡತಿಗೂ ಹೇಳದೆ ಎದೆಯೊಳಗೆ ಬಚ್ಚಿಟ್ಟುಕೊಂಡ.

ಮಗಳು ಹೋದ ವರ್ಷವೇ ಇಲ್ಲಿಗೆ ಬಂದ ಹೆಂಡತಿ ರತ್ನಾವತಿ ಹವಲ್ಲಿಯ ಒಂದು ಲೇಡೀಸ್ ಟೈಲರಿಂಗ್ ಅಂಗಡಿಯಲ್ಲಿ ಅಳತೆ ತೆಗೆಯುವವಳು. ಅವಳ ಎದೆಯಲ್ಲಿ ಬೇರೆಯೇ ಒಂದಿತ್ತು. ತುಳುವರ ಮನೆಗಳಲ್ಲಿ ಸತ್ತ ಮಕ್ಕಳೂ ಬೆಳೆಯುತ್ತಾರೆ. ಮದುವೆಯಿಲ್ಲದೆ ಹೋದ ಕುಲೆಗೆ, ಅಂದರೆ ಸತ್ತವರ ಜೀವಕ್ಕೆ, ಪ್ರಾಯ ಬಂದಾಗ ಇನ್ನೊಂದು ಮನೆಯ ಕುಲೆಯೊಡನೆ ಸಂಬಂಧ ನೋಡಿ ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಮಾಡಿಸುತ್ತಾರೆ. ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು, ಸೀರೆ, ಕರಿಮಣಿ, ಬಾಳೆಲೆ ಊಟ ಎಲ್ಲವೂ ಇರುತ್ತದೆ. ಮದುಮಕ್ಕಳು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ಹುಡುಗಿ ಗಂಡನ ಮನೆಯವಳು. ಅವಳಿಗೆ ಎಲೆ ಹಾಕಿ ಬಡಿಸುವುದು ಆ ಮನೆಯಲ್ಲಿ, ಹುಟ್ಟಿದ ಮನೆಯಲ್ಲಲ್ಲ.

ಈ ವರ್ಷ ಸಂಬಂಧ ಬಂದೇಬಿಟ್ಟಿತು. ಹಳೆಯಂಗಡಿ ಕಡೆಯ ಮನೆ, ಬೇರೆ ಬರಿ, ಅಂದರೆ ಬೇರೆ ಕುಲ, ಏಳು ವರ್ಷಕ್ಕೆ ಜ್ವರದಲ್ಲಿ ಹೋದ ಹುಡುಗ. ಜೂನ್ ಮುಗಿಯುವುದರೊಳಗೆ ಅವರಿಗೆ ಉತ್ತರ ಬೇಕಿತ್ತು.

“ನಿಮ್ಮ ಒಂದು ಮಾತು ಸಾಕು,” ಎಂದಳು ರತ್ನಾವತಿ, ಶುಕ್ರವಾರ ಮಧ್ಯಾಹ್ನ ಮೀನು ತೊಳೆಯುತ್ತ. “ಅಪ್ಪ ಒಪ್ಪದೆ ಹೆಣ್ಣು ಕೊಡ್ಲಿಕ್ಕೆ ಆಗುದಿಲ್ಲ. ಕನಸಲ್ಲಿ ಅವಳು ನನ್ನ ಹತ್ರ ಎಂತದೂ ಕೇಳುದಿಲ್ಲ, ಸುಮ್ಮನೆ ನಿಂತಿರ್ತಾಳೆ. ನಿಂತು ನಿಂತು ಅವಳಿಗೆ ಸಾಕಾಗಿದೆ.”

“ನೋಡುವ,” ಎಂದ ಸುಂದರ.

“ನಾಲ್ಕು ವರ್ಷದಿಂದ ನೀವು ನೋಡುವ ಅಂತಲೇ ಹೇಳುದು.”

ಒಪ್ಪಿದರೆ ಮಗಳು ಸತ್ತಳೆಂದು ತಾನೇ ರುಜು ಹಾಕಿದಂತೆ. ಅಷ್ಟೇ ಅಲ್ಲ, ಒಪ್ಪಿದ ದಿನವೇ ಅವಳು ಆ ಬಾವಿಕಟ್ಟೆ ಬಿಟ್ಟು ಇಳಿದುಹೋಗುತ್ತಾಳೆಂದು ಅವನಿಗೆ ಒಳಗೊಳಗೆ ಗೊತ್ತಿತ್ತು. ಆಮೇಲೆ ತನಗೆ ಉಳಿಯುವುದೇನು? ಅವನು ಮೀನಿನ ಸಾರು ಅರ್ಧಕ್ಕೆ ಬಿಟ್ಟು ಎದ್ದ.

ಅದೇ ವಾರ ಉಮ್ಮು ಖಾಲಿದ್ ಪ್ರಾಗ್‌ಗೆ ಹೊರಟಿದ್ದಳು. ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದ ಕುವೈತಿ ಹೆಂಗಸು. ಟಿಕೆಟ್ಟಿನ ಅಕ್ಷರದೋಷವನ್ನೂ ಕೆಂಪು ಪೆನ್ನಿನಲ್ಲಿ ತಿದ್ದುವವಳು. ಆಫೀಸಿನಲ್ಲಿ ಎಲ್ಲರಿಗೂ ಅವಳೆಂದರೆ ಒಂದು ನಮೂನೆಯ ಹೆದರಿಕೆ. ಸುಳ್ಳು ಅವಳ ಬಾಯಿಂದ ಬರುವುದಿಲ್ಲ ಎಂಬುದೂ ಎಲ್ಲರಿಗೂ ಗೊತ್ತಿತ್ತು. ಸುಂದರ ಮನೆಯ ಕಪಾಟಿನಿಂದ ಆರು ಕೆಂಪು ಬಳೆ ತಂದು, ಕಾಗದದಲ್ಲಿ ಸುತ್ತಿ, ಅವಳ ಟಿಕೆಟ್ಟಿನ ಜೊತೆಗೆ ಇಟ್ಟ.

“ಮೂರನೇ ದಿನ ಒಂದು ಬಾವಿ ಬರುತ್ತದೆ ಮೇಡಂ,” ಎಂದ ಇಂಗ್ಲಿಷಿನಲ್ಲಿ. “ಅಲ್ಲಿಯ ಹುಡುಗಿಯ ಕೈಗೆ ಇವನ್ನು ಹಾಕುತ್ತೀರಾ?”

ಉಮ್ಮು ಖಾಲಿದ್ ಬಳೆಗಳನ್ನು ಒಮ್ಮೆ ನೋಡಿ, ಕೈಚೀಲದ ಒಳಕಿಸೆಗೆ ಹಾಕಿ ಜಿಪ್ ಎಳೆದಳು. ಅವಳು ಹೋದಮೇಲೆ ಶಫೀಕ್ ಕುರ್ಚಿ ಎಳೆದುಕೊಂಡು ಹತ್ತಿರ ಬಂದ. ಈಗ ಅವನಿಗೂ ಗಡ್ಡದಲ್ಲಿ ನರೆ ಬಂದಿದೆ.

“ಅಣ್ಣ, ಆ ಬಾವಿ ನಾವು ಮಾಡಿದ್ದಲ್ಲವಾ? ಇದೇ ಮೇಜಲ್ಲಿ?”

“ಹೌದು.”

“ಹಾಗಾದ್ರೆ ಬಳೆ ಯಾರಿಗೆ ಕೊಟ್ಟದ್ದು?”

ಸುಂದರ ಮುಂದಿನ ಫೈಲು ಎಳೆದುಕೊಂಡ. ಶಫೀಕ್ ಅವನ ಮುಖ ನೋಡಿ, ಎದ್ದು ಹೋಗಿ ಎರಡು ಚಹಾ ತಂದಿಟ್ಟ.

ಹನ್ನೆರಡು ದಿನ ಸುಂದರನಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಮಧ್ಯಾಹ್ನ ಐವತ್ತು ಡಿಗ್ರಿ ಬಿಸಿಲು ಗಾಜಿಗೆ ಬಡಿಯುವಾಗ, ಎಲ್ಲೋ ದೂರದಲ್ಲಿ ಅಸ್ಥಿಪಂಜರವೊಂದು ಹಗ್ಗ ಎಳೆದು ಗಂಟೆ ಹೊಡೆಯುವ ಸದ್ದು ಅವನಿಗೆ ಕೇಳುತ್ತಿತ್ತು. ತಾನೇ ಬರೆದ ಓಣಿಯಲ್ಲಿ ತಾನೇ ನಡೆದು ಹೋಗುತ್ತಿದ್ದ. ಬಾವಿ ಕಾಣುವ ಮೊದಲೇ ಯಾರಾದರೂ ಕಸ್ಟಮರ್ ಬಂದು ಕರೆದುಬಿಡುತ್ತಿದ್ದರು.

ಉಮ್ಮು ಖಾಲಿದ್ ಬಂದಳು. ಎದುರಿನ ಕುರ್ಚಿಯಲ್ಲಿ ನೆಟ್ಟಗೆ ಕೂತು, ಹೋಟೆಲಿನ ಟಿಶ್ಯೂ ಕಾಗದದ ಒಂದು ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಸುಂದರ ಬಿಡಿಸಿದ. ಆರು ಕೆಂಪು ಬಳೆಗಳೂ ಇದ್ದವು.

ಹಾಗಾದರೆ ಅಲ್ಲಿ ಯಾರೂ ಇಲ್ಲ. ಇಷ್ಟು ವರ್ಷ ಬಂದವರೆಲ್ಲ ಶಫೀಕ್ ಹೇಳಿದ ಹಾಗೆ ಸುಮ್ಮನೆ ತಲೆಯಾಡಿಸಿದ್ದು. ಸುಂದರ ಬಳೆಗಳನ್ನು ಮತ್ತೆ ಕಾಗದದಲ್ಲಿ ಸುತ್ತತೊಡಗಿದ.

“ಕ್ಷಮಿಸು ಸುಂದರ್,” ಎಂದಳು ಉಮ್ಮು ಖಾಲಿದ್. “ಎಷ್ಟು ಪ್ರಯತ್ನಿಸಿದರೂ ಕೈಗೆ ಏರಲಿಲ್ಲ. ಇವು ಸಣ್ಣ ಮಗುವಿನ ಬಳೆ. ಅವಳದ್ದು ದೊಡ್ಡ ಹುಡುಗಿಯ ಕೈ. ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ನಾಲ್ಕು ಸಾವಿರ ಹುಡುಗಿಯರನ್ನು ಕಂಡವಳು ನಾನು, ಪ್ರಾಯ ಹೇಳುವುದರಲ್ಲಿ ತಪ್ಪುವುದಿಲ್ಲ. ಪುಸ್ತಕದಲ್ಲಿ ತಿದ್ದು.”

“ಮೇಡಂ, ಫೋಟೋ ಏನಾದರೂ…”

“ನಿಂತ ಹುಡುಗಿಯನ್ನು ಕೇಳದೆ ಫೋಟೋ ತೆಗೆಯುವುದು ಸಭ್ಯತೆಯಲ್ಲ. ಕಲ್ಲಾದರೇನು.” ಅವಳು ಸ್ವಲ್ಪ ತಡೆದು, ದನಿ ತಗ್ಗಿಸಿದಳು. “ಇನ್ನೊಂದು ಮಾತು. ನೀನು ಕೈ ಚಾಚಿದ್ದಾಳೆ ಎಂದು ಬರೆದಿದ್ದೀಯ. ಈಗ ಚಾಚಿಲ್ಲ. ಕೈ ಇಳಿಬಿಟ್ಟು ಓಣಿಯ ಬಾಯಿಯನ್ನೇ ನೋಡುತ್ತಿದ್ದಾಳೆ. ತರಗತಿ ಮುಗಿದರೂ ಮನೆಯವರು ಕರೆದೊಯ್ಯಲು ಬಾರದ ಹುಡುಗಿಯರು ಗೇಟಿನಲ್ಲಿ ಹಾಗೆ ನಿಲ್ಲುತ್ತಿದ್ದರು. ಅವಳನ್ನು ಬಿಟ್ಟು ಬರಲು ನನಗೆ ಕಷ್ಟವಾಯಿತು.”

ಸುಂದರ ಆ ದಿನ ಅರ್ಧ ದಿನ ರಜೆ ಹಾಕಿ ಮನೆಗೆ ಬಂದ. ರತ್ನಾವತಿ ಊಟಕ್ಕೆ ಬಂದಿದ್ದಳು. ಅವನು ಆರು ಬಳೆಗಳನ್ನು ಅವಳ ಮುಂದೆ ಇಟ್ಟ.

“ಇವು ಈಗ ಅವಳಿಗೆ ಆಗುದಿಲ್ಲ,” ಎಂದ.

ರತ್ನಾವತಿ ಅವನನ್ನು ನೋಡಿದಳು. ಎದ್ದು ಮಂಚದ ಅಡಿಯಿಂದ ತನ್ನ ಸೂಟ್‌ಕೇಸ್ ಎಳೆದು, ಬಟ್ಟೆಗಳ ಕೆಳಗಿನಿಂದ ಬಿಸ್ಕತ್ತಿನ ಒಂದು ಡಬ್ಬಿ ತೆಗೆದಳು. ಡಬ್ಬಿಯ ತುಂಬ ಬಳೆ. ಆರು ವರ್ಷದ ಕೈಯದ್ದು, ಎಂಟರದ್ದು, ಹತ್ತರದ್ದು. ಮೇಲೆ ಎಲ್ಲಕ್ಕಿಂತ ದೊಡ್ಡ ಹಸಿರು ಬಳೆಗಳು, ಇನ್ನೂ ಅಂಗಡಿಯ ದಾರ ಬಿಚ್ಚದವು.

“ಅಂಗಡಿಗೆ ಬರುವ ಮಕ್ಕಳ ಕೈ ಅಳತೆ ತೆಗೆಯುವಾಗ ಗೊತ್ತಾಗ್ತದೆ, ಯಾವ ಪ್ರಾಯಕ್ಕೆ ಎಷ್ಟು ಅಂತ,” ಎಂದಳು. “ಪ್ರತಿ ವರ್ಷ ತಗೊಂಡೆ. ನಾನು ಅವಳನ್ನು ದೊಡ್ಡವಳು ಮಾಡಿದೆ. ನೀವು ಬಾವಿಕಟ್ಟೆಯಲ್ಲೇ ನಿಲ್ಲಿಸಿಬಿಟ್ರಿ.”

ಅವಳಿಗೆ ಪುಸ್ತಿಕೆಯ ವಿಷಯ ಗೊತ್ತಿರಲಿಲ್ಲ. ಇಂಗ್ಲಿಷ್, ಅರಬಿ ಎರಡೂ ಅವಳು ಓದುವವಳಲ್ಲ. ಹದಿನೆಂಟು ವರ್ಷ ಬಾರದ ಅಳು ಅವನಿಗೆ ಆಗ ಬಂತು. ಅವನು ಡಬ್ಬಿಯ ಮುಂದೆ ನೆಲದ ಮೇಲೆ ಕೂತು, ಹೆಂಡತಿಯ ಮೊಣಕಾಲಿಗೆ ಹಣೆ ಒತ್ತಿ ಅತ್ತ.

“ಹಳೆಯಂಗಡಿಯವರಿಗೆ ಫೋನ್ ಮಾಡು,” ಎಂದ ಕೊನೆಗೆ. “ಹುಡುಗಿಯನ್ನು ಕೊಡ್ತೇವೆ ಅಂತ ಹೇಳು.”

ಆಟಿಯಲ್ಲಿ ಮದುವೆಯಾಯಿತು. ಎರಡು ಮಣೆ, ಒಂದರ ಮೇಲೆ ಪಂಚೆ ಶಾಲು, ಇನ್ನೊಂದರ ಮೇಲೆ ಸೀರೆ, ಕರಿಮಣಿ, ಹಸಿರು ಬಳೆ. ಹಳೆಯಂಗಡಿಯ ಬೀಗರು ಮರ್ಯಾದಸ್ಥರು. ಹುಡುಗನ ತಾಯಿ ಸೀರೆಯನ್ನು ಸವರಿ, “ನಮ್ಮವನು ಸ್ವಲ್ಪ ನಾಚಿಕೆಯವ, ನಿಮ್ಮ ಮಗಳೇ ಮಾತಾಡಿಸ್ಲಿ,” ಎಂದಳು. ರತ್ನಾವತಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಮಣೆಯ ಮೇಲಿನ ಸೀರೆಯನ್ನು ಬೀಗರ ಕೈಗೆ ಕೊಡುವಾಗ ಸುಂದರ ಒಂದು ಗಳಿಗೆ ಬಿಡಲಿಲ್ಲ. ಆಮೇಲೆ ಬಿಟ್ಟ.

ಸೆಪ್ಟೆಂಬರಿನಲ್ಲಿ ಅವನು ಮತ್ತೆ ಮಿರ್ಕಾಬಿನ ತನ್ನ ಮೇಜಿನಲ್ಲಿ ಕೂತಿದ್ದ. ಪುಸ್ತಿಕೆಯಿಂದ ಬಾವಿಯನ್ನು ತೆಗೆಯಬೇಕೆಂದು ದಿನವೂ ಅಂದುಕೊಳ್ಳುತ್ತಿದ್ದ, ತೆಗೆದಿರಲಿಲ್ಲ. ಒಂದು ಬೆಳಿಗ್ಗೆ ಹೊಸದಾಗಿ ಮದುವೆಯಾದ ಕುವೈತಿ ಯುವಕನೊಬ್ಬ ಪುಸ್ತಿಕೆ ಬೀಸುತ್ತ ನೇರ ಮುದೀರನ ಮುಂದೆ ನಿಂತ. ಹೆಂಡತಿಯನ್ನು ಆ ಓಣಿಯ ಕೊನೆತನಕ ನಡೆಸಿಕೊಂಡು ಹೋದೆ, ಅವಳು ಬಳೆಯನ್ನೂ ಕೊಂಡಿದ್ದಳು, ಅಲ್ಲಿ ಯಾವ ಹುಡುಗಿಯೂ ಇಲ್ಲ, ಬಾವಿಕಟ್ಟೆ ಬೋಳು. ಇದೆಂಥ ಮೋಸ?

ಮುದೀರ್ ಸುಂದರನನ್ನು ಕರೆದ. ಶಫೀಕ್ ಫೈಲಿನ ಹಿಂದೆ ಮುಖ ಮುಚ್ಚಿದ. ಸುಂದರ ನಿಧಾನಕ್ಕೆ ಎದ್ದು ಹೋಗಿ ಆ ಯುವಕನ ಎದುರು ನಿಂತ.

“ತಪ್ಪು ನನ್ನದು ಸರ್,” ಎಂದ. “ಅವಳು ಅಲ್ಲಿಂದ ಹೋಗಿ ಎರಡು ತಿಂಗಳಾಯಿತು. ನಾನು ತಿದ್ದಲಿಲ್ಲ. ಇವತ್ತೇ ತೆಗೆಯುತ್ತೇನೆ.”

ಯುವಕನ ಸಿಟ್ಟು ಅರ್ಧ ಇಳಿಯಿತು. ಅವನು ಪುಸ್ತಿಕೆಯನ್ನು ಮೇಜಿನ ಮೇಲೆ ಹಾಕಿ ಹೊರಟ. ಬಾಗಿಲ ತನಕ ಹೋದವನನ್ನು ಸುಂದರ ಹಿಂದಿನಿಂದ ಕರೆದ.

“ಸರ್, ಬಾವಿಗೆ ಜಾಲರಿ ಇದೆಯಲ್ಲ?”

“ಇದೆ,” ಎಂದ ಯುವಕ. “ಗಟ್ಟಿ ಜಾಲರಿ. ನನ್ನ ಹೆಂಡತಿ ಅದರ ಮೇಲೆಯೇ ಕೂತು ದಣಿವಾರಿಸಿಕೊಂಡಳು.”